ಸೈನೈಡ್ ಗುಡ್ಡದ ಬಿಸಿಲಿಗೆ ಯಾವ ಕ್ಯಾಮೆರಾ?

1965ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲಮಟ್ಟದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಭೌತವಿಜ್ಞಾನಿಗಳು ಕಣ್ಣಿಗೆ ಕಾಣದ್ದೊಂದನ್ನು ಫಿಲ್ಮಿನ ಮೇಲೆ ಹಿಡಿಯಲು ಹೊರಟಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಕೂಡಿ ನಡೆಸಿದ ಪ್ರಯೋಗ ಅದು. ನ್ಯೂಟ್ರಿನೋ ಒಂದು ಸುತ್ತಲಿನ ಬಂಡೆಗೆ ಬಡಿದರೆ ಮ್ಯೂಯಾನ್ ಎಂಬ ಕಣ ಹುಟ್ಟುತ್ತದೆ. ಆ ಮ್ಯೂಯಾನ್ ಹಾದುಹೋದ ದಾರಿಯಲ್ಲಿ ನಿಯಾನ್ ತುಂಬಿದ ಗಾಜಿನ ಕೊಳವೆಗಳು ಮಿನುಗುತ್ತಿದ್ದವು, ಆ ಮಿನುಗನ್ನು ಕ್ಯಾಮೆರಾ ದಾಖಲಿಸುತ್ತಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಜಗತ್ತಿನಲ್ಲಿ ಮೊಟ್ಟಮೊದಲು ಸಿಕ್ಕಿದ್ದು ಎರಡೇ ಕಡೆ, ಎರಡೂ ಚಿನ್ನದ ಗಣಿಗಳೇ: ಒಂದು ದಕ್ಷಿಣ ಆಫ್ರಿಕಾದ್ದು, ಇನ್ನೊಂದು ನಮ್ಮ ಕೆಜಿಎಫ್.

ಅಂಥ ಪ್ರಯೋಗದಲ್ಲಿ ಮೊದಲು ಏಳುವ ಪ್ರಶ್ನೆ ಏನನ್ನು ಹಿಡಿಯಬೇಕು, ಅಲ್ಲಿ ಬೆಳಕು ಎಷ್ಟು ಎಂಬುದು. ಉಪಕರಣದ ಮಾತು ಆಮೇಲೆ. ಹಳೆಯ ಸಿನಿಮಾ ಕ್ಯಾಮೆರಾ ಹುಡುಕುವ ಹುಡುಗ ಹುಡುಗಿಯರು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಹೊಳೆಯುವ ಕ್ಯಾಮೆರಾ ಒಂದು ಕಣ್ಣಿಗೆ ಬೀಳುತ್ತದೆ, ಕೀ ಕೊಟ್ಟರೆ ಗರಗರ ಸದ್ದೂ ಬರುತ್ತದೆ, ಕೊಂಡು ಮನೆಗೆ ತಂದಾಗುತ್ತದೆ. ಆಮೇಲೆ ನೋಡಿದರೆ ಅದಕ್ಕೆ ಹಾಕುವ ಫಿಲ್ಮನ್ನು ಯಾರೂ ತಯಾರಿಸುತ್ತಿಲ್ಲ. ಆದ್ದರಿಂದ ಈ ಅಧ್ಯಾಯದಲ್ಲಿ ಒಂದು ನಿರ್ದಿಷ್ಟ ಕೆಲಸವನ್ನೇ ಎದುರಿಗೆ ಇಟ್ಟುಕೊಳ್ಳೋಣ. ಕೆಜಿಎಫ್ ಮತ್ತು ಬಂಗಾರಪೇಟೆಯ ಮೇಲೆ ಹತ್ತು ನಿಮಿಷದ ಒಂದು ಚಿತ್ರ. ಅದರಲ್ಲಿ ಮುಂಜಾನೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ಜನ ಇರಬೇಕು. ನಡು ಮಧ್ಯಾಹ್ನದ ಸೈನೈಡ್ ಗುಡ್ಡ ಇರಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಿಂತೇ ಹೋದ ಶಾಫ್ಟಿನ ಗಾಲಿಗಳು, ಗಣಿ ಕಾರ್ಮಿಕರ ಲೈನ್ ಮನೆಯೊಳಗಿನ ಅರೆಬೆಳಕು, ಸಂಜೆಯ ಬಂಗಾರಪೇಟೆಯ ಪಾನಿಪುರಿ ಅಂಗಡಿ, ಇವೆಲ್ಲ ಇರಬೇಕು.

ಫೋನಿನಲ್ಲೇ ಇದನ್ನೆಲ್ಲ ತೆಗೆಯಬಹುದಲ್ಲ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ತಂಪಾದ, ಒಣ ಜಾಗದಲ್ಲಿಟ್ಟ ಫಿಲ್ಮು ಯಾವ ಸಾಫ್ಟ್‌ವೇರಿನ ಹಂಗೂ ಇಲ್ಲದೆ ದಶಕಗಟ್ಟಲೆ ಉಳಿಯುತ್ತದೆ. ದೀಪಕ್ಕೆ ಹಿಡಿದರೆ ಬರಿಗಣ್ಣಿಗೇ ಚಿತ್ರ ಕಾಣುತ್ತದೆ. ಒಂದೊಂದಾಗಿ ಗುರುತು ಅಳಿಸಿಕೊಳ್ಳುತ್ತಿರುವ ಊರನ್ನು ದಾಖಲಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಮೊದಲು ಫಿಲ್ಮಿನ ಅಗಲ. ಕೊಡಾಕ್ ಕಂಪನಿ 1923ರಲ್ಲಿ 16 ಎಂಎಂ ಫಿಲ್ಮನ್ನು ಮನೆಮಂದಿಗಾಗಿ ತಂದಿತು. ಆಗಿನ 35 ಎಂಎಂ ನೈಟ್ರೇಟ್ ಫಿಲ್ಮು ಬೆಂಕಿ ತಗುಲಿದರೆ ಭಗ್ಗನೆ ಉರಿಯುತ್ತಿತ್ತು. ಮನೆಯೊಳಗೆ ಇಡುವ ವಸ್ತು ಎಂಬ ಕಾರಣಕ್ಕೆ 16 ಎಂಎಂ ಅನ್ನು ಸುಲಭಕ್ಕೆ ಉರಿಯದ ಅಸಿಟೇಟ್ ಮೇಲೆ ಮಾಡಿದರು. 1932ರಲ್ಲಿ ಬಂದ 8 ಎಂಎಂ ಅದರದೇ ಅರ್ಧ: 16 ಎಂಎಂ ಅಗಲದ ಪಟ್ಟಿಯನ್ನು ಒಮ್ಮೆ ಓಡಿಸಿ, ಸುರುಳಿ ಮಗುಚಿ ಹಾಕಿ, ಇನ್ನೊಂದು ಅಂಚಿನಲ್ಲಿ ಮತ್ತೊಮ್ಮೆ ಓಡಿಸಿ, ತೊಳೆದ ಮೇಲೆ ನಡುವೆ ಸೀಳುತ್ತಿದ್ದರು. 1965ರಲ್ಲಿ, ಅಂದರೆ ಚಾಂಪಿಯನ್ ರೀಫಿನ ನ್ಯೂಟ್ರಿನೋ ವರ್ಷದಲ್ಲೇ, ಸೂಪರ್ 8 ಬಂತು. ಅಗಲ ಅದೇ 8 ಎಂಎಂ. ಆದರೆ ಅಂಚಿನ ತೂತುಗಳನ್ನು ಕಿರಿದುಮಾಡಿ ಚಿತ್ರದ ಜಾಗವನ್ನು ಸುಮಾರು ಒಂದೂವರೆ ಪಟ್ಟು ಹಿಗ್ಗಿಸಿದ್ದರು. ಫಿಲ್ಮನ್ನು ಪ್ಲಾಸ್ಟಿಕ್ ಕಾರ್ಟ್ರಿಜ್‌ನಲ್ಲಿ ಮುಚ್ಚಿ ಕೊಟ್ಟದ್ದರಿಂದ ನೆರಳು ಹುಡುಕಿ ಸುರುಳಿ ಹಾಕುವ, ನಡುವೆ ಮಗುಚುವ ಕಷ್ಟ ತಪ್ಪಿತು.

ಇಂದು ಹೊಸ ಫಿಲ್ಮು ಸಲೀಸಾಗಿ ಸಿಗುವುದು 16 ಎಂಎಂ ಮತ್ತು ಸೂಪರ್ 8ಕ್ಕೆ. ಹಳೆಯ 8 ಎಂಎಂಗೆ ಅಲ್ಲೊಬ್ಬರು ಇಲ್ಲೊಬ್ಬರು ತಯಾರಕರಿದ್ದಾರೆ. ಫ್ಯೂಜಿಯ ಸಿಂಗಲ್ 8, ಕೊಡಾಕಿನ 16 ಎಂಎಂ ಮ್ಯಾಗಜಿನ್ ಕ್ಯಾಮೆರಾಗಳು ಎಷ್ಟೇ ಅಂದವಾಗಿದ್ದರೂ ಬೀರುವಿನಲ್ಲಿಡಲಷ್ಟೇ ಸರಿ. 1950ಕ್ಕಿಂತ ಹಿಂದಿನ 16 ಎಂಎಂ ಕ್ಯಾಮೆರಾ ಸಿಕ್ಕರೆ ಒಳಗಿನ ಹಲ್ಲುಗಾಲಿಗಳನ್ನು ತಪ್ಪದೆ ನೋಡಿ. ಎರಡೂ ಅಂಚಿನಲ್ಲಿ ಹಲ್ಲುಗಳಿದ್ದರೆ ಅದಕ್ಕೆ ಎರಡೂ ಕಡೆ ತೂತಿರುವ ಫಿಲ್ಮೇ ಬೇಕು. ಈಗಿನ 16 ಎಂಎಂ ಫಿಲ್ಮಿಗೆ ಬಹುಪಾಲು ಒಂದೇ ಅಂಚಿನಲ್ಲಿ ತೂತಿರುತ್ತದೆ. ಇನ್ನೊಂದು ಅಂಚಿನ ಹಲ್ಲು ಫಿಲ್ಮನ್ನೇ ಕಚ್ಚಿ ಹರಿಯುತ್ತದೆ.

ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. 16 ಎಂಎಂನಲ್ಲಿ ಒಂದು ಅಡಿಗೆ 40 ಚಿತ್ರ. 100 ಅಡಿಯ ಸುರುಳಿ ಸೆಕೆಂಡಿಗೆ 24 ಚಿತ್ರದ ವೇಗದಲ್ಲಿ 2 ನಿಮಿಷ 46 ಸೆಕೆಂಡಿಗೆ ಮುಗಿಯುತ್ತದೆ. ಸೂಪರ್ 8ರ 50 ಅಡಿಯ ಕಾರ್ಟ್ರಿಜ್‌ನಲ್ಲಿ 3,600 ಚಿತ್ರ. ಅದೇ ವೇಗದಲ್ಲಿ ಎರಡೂವರೆ ನಿಮಿಷ. ಹತ್ತು ನಿಮಿಷದ ಚಿತ್ರಕ್ಕೆ ನಾಲ್ಕು ಪಟ್ಟು ತೆಗೆಯುತ್ತೀರಿ ಎಂದಿಟ್ಟುಕೊಂಡರೆ 16 ಎಂಎಂನ 15 ಸುರುಳಿ, ಇಲ್ಲವೇ ಸೂಪರ್ 8ರ 16 ಕಾರ್ಟ್ರಿಜ್ ಬೇಕು. ಕೊಳ್ಳುವುದು, ತೊಳೆಸುವುದು, ಸ್ಕ್ಯಾನ್ ಮಾಡಿಸುವುದು ಎಲ್ಲ ಸೇರಿದರೆ ಕ್ಯಾಮೆರಾದ ಬೆಲೆಯೇ ಈ ಪಟ್ಟಿಯಲ್ಲಿ ಚಿಕ್ಕದಾಗಿ ಕಾಣುತ್ತದೆ.

ಈಗ ಸೈನೈಡ್ ಗುಡ್ಡಕ್ಕೆ ಬರೋಣ. ಕ್ಯಾಮೆರಾದ ನಿಜವಾದ ಪರೀಕ್ಷೆ ಅಲ್ಲೇ ಇದೆ.

ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಇಲ್ಲಿ ಗಣಿಗಾರಿಕೆಗೆ ಇಳಿಯಿತು. ಆಮೇಲಿನ ದಶಕಗಳಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು, ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆದು, ಉಳಿದ ಪುಡಿಯನ್ನು ರಾಶಿ ಹಾಕುತ್ತ ಬಂದರು. ಮೂರು ಕೋಟಿ ಟನ್‌ಗೂ ಮೀರಿದ ರಾಶಿ ಅದು. ಸಿನಿಮಾದವರು ಈಗ ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ. 2018ರ ‘ಕೆಜಿಎಫ್’ ಚಿತ್ರ ನೋಡಿದವರಿಗೆ ಆ ನೆಲ ಪರಿಚಿತ. ನಡು ಮಧ್ಯಾಹ್ನ ಅಲ್ಲಿ ನಿಂತರೆ ಬಿಸಿಲು ಮೇಲಿನಿಂದಲೂ ಬರುತ್ತದೆ, ಬಿಳಿಚಿದ ನೆಲದಿಂದಲೂ ಏಳುತ್ತದೆ. ನೆತ್ತಿಯ ಸೂರ್ಯನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಒಂದೇ ಬಲ್ಬು ಉರಿಯುವ ಲೈನ್ ಮನೆಯೊಳಗೆ ಐವತ್ತು ಲಕ್ಸ್ ಇದ್ದರೆ ಹೆಚ್ಚು. ಒಂದೇ ಚಿತ್ರದಲ್ಲಿ ಎರಡು ಸಾವಿರ ಪಟ್ಟಿನ ಅಂತರ.

ಸೆಕೆಂಡಿಗೆ 24 ಚಿತ್ರ ಓಡುವಾಗ ಪ್ರತಿ ಚಿತ್ರಕ್ಕೆ ಬೆಳಕು ಸಿಗುವ ಹೊತ್ತು ಸೆಕೆಂಡಿನ ಸುಮಾರು ಐವತ್ತನೇ ಒಂದು ಭಾಗ. ಫೋಟೋ ಕ್ಯಾಮೆರಾದಲ್ಲಿ ಮಾಡುವಂತೆ ಅದನ್ನು ಸಾವಿರದ ಒಂದು ಭಾಗಕ್ಕೆ ಇಳಿಸುವಂತಿಲ್ಲ. ಹೀಗಾಗಿ 50 ಐಎಸ್‌ಒದ ನಿಧಾನ ಫಿಲ್ಮಿಗೂ ಬಯಲಿನ ಬಿಸಿಲಲ್ಲಿ ಲೆನ್ಸಿನ ಕಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಬೇಕಾಗುತ್ತದೆ. 500 ಐಎಸ್‌ಒ ಫಿಲ್ಮಾದರೆ ಎಫ್/45ನ್ನೂ ದಾಟಬೇಕು. ಈ ಕ್ಯಾಮೆರಾಗಳ ಲೆನ್ಸುಗಳು ಅಷ್ಟು ಮುಚ್ಚುವುದೇ ಇಲ್ಲ.

ಮುಚ್ಚಿದರೂ ಒಂದು ತೊಡಕಿದೆ. ಬೆಳಕು ಕಿರಿದಾದ ಕಂಡಿಯಲ್ಲಿ ನುಗ್ಗುವಾಗ ಅಂಚಿನಲ್ಲಿ ಬಾಗಿ ಹರಡುತ್ತದೆ. ಭೌತವಿಜ್ಞಾನದಲ್ಲಿ ಇದನ್ನು ವಿವರ್ತನೆ ಎನ್ನುತ್ತಾರೆ. ಎಫ್/16ರಲ್ಲಿ ಒಂದು ಬಿಂದುವಿನ ಬೆಳಕು ಫಿಲ್ಮಿನ ಮೇಲೆ ಸುಮಾರು 21 ಮೈಕ್ರಾನ್ ಅಗಲದ ಚುಕ್ಕೆಯಾಗಿ ಬೀಳುತ್ತದೆ. ಈ ಚುಕ್ಕೆಯ ಗಾತ್ರ ಫಿಲ್ಮು ದೊಡ್ಡದೋ ಚಿಕ್ಕದೋ ಎಂದು ನೋಡುವುದಿಲ್ಲ, ಕಂಡಿಯ ಸಂಖ್ಯೆಯನ್ನಷ್ಟೇ ನೋಡುತ್ತದೆ. ಸೂಪರ್ 8ರ ಚಿತ್ರದ ಅಗಲ 5.8 ಮಿಲಿಮೀಟರ್. ಅದರ ಉದ್ದಕ್ಕೆ ಅಂಥ ಚುಕ್ಕೆಗಳು 270ರಷ್ಟು ಮಾತ್ರ ಹಿಡಿಸುತ್ತವೆ. 10.3 ಮಿಲಿಮೀಟರ್ ಅಗಲದ 16 ಎಂಎಂನಲ್ಲಿ 480ರಷ್ಟು ಹಿಡಿಸುತ್ತವೆ. ಕಂಡಿಯನ್ನು ಎಫ್/5.6ಕ್ಕೆ ಅಗಲಿಸಿದರೆ ಸೂಪರ್ 8ರಲ್ಲೂ 770 ಚುಕ್ಕೆ ಕೂರುತ್ತವೆ. ಹಳೆಯ ಸೂಪರ್ 8 ಚಿತ್ರಗಳು ಬಿಸಿಲಿನಲ್ಲೇ ಮಸುಕಾಗಿ ಕಾಣುವುದಕ್ಕೆ ಜನ ಲೆನ್ಸನ್ನು ದೂರುತ್ತಾರೆ. ಎಷ್ಟೋ ಸಲ ಕಾರಣ ಈ ಕಿರಿಗಂಡಿ. ಮದ್ದು ಸರಳ: ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುವ ಬೂದು ಬಣ್ಣದ ಎನ್‌ಡಿ ಫಿಲ್ಟರ್. ಅದನ್ನು ಲೆನ್ಸಿನ ಮುಂದೆ ತಿರುಪಿ ಹಾಕಲು ಮರೆ ಇರುವ ಕ್ಯಾಮೆರಾವನ್ನೇ ಆರಿಸಿ.

ಗುಡ್ಡದ ಎರಡನೇ ಪಾಠ ಬೆಳಕಿನ ಮೀಟರಿನದು. ಮೀಟರಿಗೆ ಎದುರಿಗಿರುವುದು ಬಿಳಿ ಮರಳೋ ಕರಿ ಬಂಡೆಯೋ ತಿಳಿಯದು. ಎಲ್ಲವೂ ಸರಾಸರಿ ಬೂದು ಎಂದೇ ಎಣಿಸುತ್ತದೆ. ಮೀಟರು ಹೇಳಿದಂತೆ ತೆಗೆದರೆ ಕಣ್ಣು ಕುಕ್ಕುವ ಸೈನೈಡ್ ಗುಡ್ಡ ಮೋಡ ಕವಿದ ಕೆಸರಿನಂತೆ ಬರುತ್ತದೆ, ಅದರ ಮುಂದೆ ನಿಂತವರ ಮುಖ ಕಪ್ಪಾಗುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ತೆರೆಯಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಎಲ್ಲವನ್ನೂ ತಾನೇ ನಿರ್ಧರಿಸುವ, ಕೈಯಿಂದ ಬದಲಿಸಲು ಬಿಡದ ಸೂಪರ್ 8 ಕ್ಯಾಮೆರಾಗಳು ಬಹಳ ಇವೆ. ಈ ಕೆಲಸಕ್ಕೆ ಅವು ಬೇಡ.

ಅವುಗಳಲ್ಲಿ ಇನ್ನೊಂದು ಗುಟ್ಟೂ ಇದೆ. ಸೂಪರ್ 8 ಕಾರ್ಟ್ರಿಜ್‌ನ ಅಂಚಿನ ಕಚ್ಚನ್ನು ಮುಟ್ಟಿ ನೋಡಿ ಕ್ಯಾಮೆರಾ ಫಿಲ್ಮಿನ ವೇಗವನ್ನು ಅರಿಯುತ್ತದೆ. ಅಗ್ಗದ ಕ್ಯಾಮೆರಾಗಳಿಗೆ ಗೊತ್ತಿರುವುದು 40 ಮತ್ತು 160 ಎರಡೇ. 500ರ ಫಿಲ್ಮು ಹಾಕಿದರೂ 160 ಎಂದೇ ತಿಳಿದು ಮೂರು ಪಟ್ಟು ಬೆಳಕು ಕೊಡುತ್ತವೆ. ನೆಗೆಟಿವ್ ಫಿಲ್ಮು ಅದನ್ನು ತಾಳಿಕೊಳ್ಳುತ್ತದೆ, ತೊಳೆದಾಗ ನೇರವಾಗಿ ಪಾಸಿಟಿವ್ ಚಿತ್ರವೇ ಮೂಡುವ ರಿವರ್ಸಲ್ ಫಿಲ್ಮು ತಾಳುವುದಿಲ್ಲ. ಇನ್ನು 1960-70ರ ದಶಕದ ಎಷ್ಟೋ ಮೀಟರುಗಳು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿದವು. ಪಾದರಸದ ಸೆಲ್ ಈಗ ಮಾರುಕಟ್ಟೆಯಲ್ಲಿಲ್ಲ. 1.5 ವೋಲ್ಟಿನ ಮಾಮೂಲಿ ಸೆಲ್ ಹಾಕಿದರೆ ಮುಳ್ಳು ಆಡುತ್ತದೆ, ಆದರೆ ತಪ್ಪು ಲೆಕ್ಕ ಹೇಳುತ್ತದೆ. ಕೈಯಲ್ಲಿ ಹಿಡಿಯುವ ಮೀಟರನ್ನು ನಂಬುವುದೇ ಒಳ್ಳೆಯದು.

ಮೂರನೆಯದು ದೂಳು. ಗಾಳಿಗೆ ಏಳುವ ಈ ಪುಡಿಯಲ್ಲಿ ಸ್ಫಟಿಕ ಶಿಲೆಯ ಅಂಶ ಹೇರಳ. ಅದರ ಗಡಸುತನ ಮೋಸ್ ಮಾನದಲ್ಲಿ 7, ಉಕ್ಕನ್ನೂ ಗೀರಬಲ್ಲದು. ಫಿಲ್ಮು ಲೆನ್ಸಿನ ಹಿಂದೆ ಹಾಯುವ ಚೌಕಟ್ಟಿಗೆ ಗೇಟ್ ಎನ್ನುತ್ತಾರೆ. ಅಲ್ಲಿ 50 ಮೈಕ್ರಾನಿನ ಒಂದು ಕಣ ಸಿಕ್ಕಿಕೊಂಡರೆ ಸಾಕು. ಎರಡು ಮೀಟರ್ ಅಗಲದ ಪರದೆಯ ಮೇಲೆ ಸೂಪರ್ 8 ಚಿತ್ರ ಸುಮಾರು 345 ಪಟ್ಟು ಹಿಗ್ಗುವುದರಿಂದ ಆ ಕಣ ಹುಣಿಸೆ ಬೀಜದಷ್ಟು ದೊಡ್ಡ ಕಲೆಯಾಗಿ ಕೂರುತ್ತದೆ. ಫಿಲ್ಮನ್ನು ಗೀರುತ್ತ ಹೋದರೆ ಉದ್ದಕ್ಕೂ ಗೆರೆ. ಮುಚ್ಚಿದ ಕಾರ್ಟ್ರಿಜ್ ಇರುವ ಸೂಪರ್ 8ಗೆ ಇಲ್ಲಿ ಒಂದು ಅನುಕೂಲವಿದೆ, ದೂಳಿನಲ್ಲೂ ಥಟ್ಟನೆ ಬದಲಿಸಬಹುದು. ಆದರೆ ಫಿಲ್ಮನ್ನು ಸಪಾಟಾಗಿ ಒತ್ತಿಹಿಡಿಯುವ ತಟ್ಟೆಯೂ ಆ ಕಾರ್ಟ್ರಿಜ್‌ನದೇ ಪ್ಲಾಸ್ಟಿಕ್ ಭಾಗ. 16 ಎಂಎಂ ಕ್ಯಾಮೆರಾದಲ್ಲಿ ಲೋಹದ ತಟ್ಟೆ ಇರುತ್ತದೆ, ಚಿತ್ರ ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಅದರ ಸುರುಳಿಯನ್ನು ಮಾತ್ರ ಗುಡ್ಡದ ಮೇಲೆ ಬದಲಿಸಬೇಡಿ. ವಾಹನದೊಳಗೆ ಕೂತು, ಕಿಟಕಿ ಏರಿಸಿ, ಗೇಟನ್ನು ಮರದ ಕಡ್ಡಿಗೆ ಸುತ್ತಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಆಮೇಲೆ ಹೊಸ ಸುರುಳಿ ಹಾಕಿ.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಹಳಿ ಬಿದ್ದದ್ದು 1894ರಲ್ಲಿ. ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳ ಹೆಸರುಗಳಲ್ಲೇ ಗಣಿಯ ಚರಿತ್ರೆ ಇದೆ. ರೈಲಿನೊಳಗೆ ತೆಗೆಯುವಾಗ ಬೇಕಾದ್ದು ಹಗುರ ಕ್ಯಾಮೆರಾ ಮತ್ತು ಅಗಲ ನೋಟದ ಲೆನ್ಸು. ನಿಲ್ದಾಣದ ಟ್ಯೂಬ್‌ಲೈಟಿನಲ್ಲಿ ಇನ್ನೊಂದು ವಿಚಾರ ಏಳುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಳೆ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ವೇಗ ಕದಲದಿದ್ದರೆ ತೊಂದರೆ ಅಷ್ಟಾಗಿ ಕಾಣದು. ಸ್ಪ್ರಿಂಗು ಸಡಿಲವಾಗುತ್ತ ವೇಗ ಇಳಿದರೆ ಪರದೆಯ ಮೇಲೆ ಬೆಳಕು ಉಸಿರಾಡಿದಂತೆ ಏರಿಳಿಯುತ್ತದೆ.

ವೇಗ ಪರೀಕ್ಷಿಸಲು ಈಗ ಯಾರ ಬಳಿಗೂ ಹೋಗಬೇಕಿಲ್ಲ. ಕ್ಯಾಮೆರಾಗೆ ಪೂರ್ತಿ ಕೀ ಕೊಡಿ. ಲೆನ್ಸು ಬಿಚ್ಚಿ, ಹಿಂದಿನ ಬಾಗಿಲು ತೆಗೆದು, ಬಿಳಿ ಗೋಡೆಗೆ ಮುಖಮಾಡಿ ಇಡಿ. ಫೋನನ್ನು ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್‌ಗೆ ಹಾಕಿ ಗೇಟಿನೊಳಗೆ ತಿರುಗುವ ಷಟರನ್ನು ಚಿತ್ರೀಕರಿಸಿ. ಆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತ ಎಣಿಸಿ. 24ರ ವೇಗಕ್ಕೆ ಸರಿಯಾಗಿ ಓಡುತ್ತಿದ್ದರೆ ಷಟರು ಪ್ರತಿ 10 ಚಿತ್ರಕ್ಕೊಮ್ಮೆ ತೆರೆಯುತ್ತದೆ. 12 ಬಂದರೆ ಕ್ಯಾಮೆರಾ 20ರಲ್ಲಿ ಓಡುತ್ತಿದೆ. ಓಟದ ಆರಂಭದಲ್ಲಿ ಹತ್ತು, ಕೊನೆಯಲ್ಲಿ ಹದಿಮೂರು ಬಂದರೆ ಒಳಗಿನ ಗ್ರೀಸು ಗಟ್ಟಿಯಾಗಿದೆ, ಅಥವಾ ವೇಗ ಕಾಯುವ ಗವರ್ನರ್ ಸವೆದಿದೆ. ಆಮೇಲೆ ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಬಹಳ. ಬೆಲೆ ಎಷ್ಟೇ ಇಳಿಸಿದರೂ ಅಂಥದ್ದನ್ನು ಬಿಟ್ಟುಬಿಡಿ.

ಹಾಗಾದರೆ ಯಾವುದು? ನನ್ನ ಮತ ಸ್ವಿಟ್ಜರ್ಲೆಂಡಿನ ಪೈಲಾರ್ ಕಂಪನಿಯ ಬೋಲೆಕ್ಸ್ ಎಚ್16 ರಿಫ್ಲೆಕ್ಸಿಗೆ. ಎಚ್16 ಮೊದಲು ಬಂದದ್ದು 1935ರಲ್ಲಿ, ಲೆನ್ಸಿನ ಮೂಲಕವೇ ನೋಡಬಹುದಾದ ರಿಫ್ಲೆಕ್ಸ್ 1956ರಲ್ಲಿ. ಬ್ಯಾಟರಿ ಬೇಡ. ಒಮ್ಮೆ ಕೀ ಕೊಟ್ಟರೆ ಸುಮಾರು 28 ಸೆಕೆಂಡು ಓಡುತ್ತದೆ. ಒಂದು ಶಾಟಿಗೆ ಅದು ಧಾರಾಳ, ಯೋಚಿಸಿ ತೆಗೆಯುವ ಶಿಸ್ತನ್ನೂ ಕಲಿಸುತ್ತದೆ. ಕೊರತೆಯೂ ಇದೆ. ನೋಡುವ ಕಣ್ಣಿಗೆ ಬೆಳಕು ಹಂಚುವ ಒಳಗಿನ ಪ್ರಿಸಂ ಸುಮಾರು ಕಾಲು ಭಾಗ ಬೆಳಕನ್ನು ನುಂಗುತ್ತದೆ, ಅಗಲ ನೋಟದ ಲೆನ್ಸು ಆ ಪ್ರಿಸಂಗೆಂದೇ ತಯಾರಾದ ಆರ್‌ಎಕ್ಸ್ ಗುರುತಿನದೇ ಇರಬೇಕು. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಸೋವಿಯತ್ ಕಾಲದ ಕ್ರಾಸ್ನೊಗೊರ್ಸ್ಕ್ ಕೆ-3. ಅದೂ ಸ್ಪ್ರಿಂಗಿನದೇ, 17ರಿಂದ 69 ಎಂಎಂವರೆಗಿನ ಜೂಮ್ ಲೆನ್ಸು ಜೊತೆಗೇ ಬರುತ್ತದೆ. ಫಿಲ್ಮನ್ನು ಗೀರುವ ಚಾಳಿ ಕೆಲವಕ್ಕಿದೆ. ಹಾಳಾದ ಫಿಲ್ಮಿನ ತುಂಡೊಂದನ್ನು ಓಡಿಸಿ ನೋಡಿಯೇ ಕೊಳ್ಳಬೇಕು. ಲೈನ್ ಮನೆಯ ಐವತ್ತು ಲಕ್ಸಿಗೆ ಮಾತ್ರ 500ರ ಫಿಲ್ಮೂ ಎಫ್/1.4ರ ಲೆನ್ಸೂ ಬೇಕು. ಅಷ್ಟು ತೆರೆಯುವ 16 ಎಂಎಂ ಲೆನ್ಸು ಸಿಗದಿದ್ದರೆ ಎಫ್/1.0ರವರೆಗೆ ತೆರೆಯುವ ಕ್ಯಾನನ್ 310 ಎಕ್ಸ್‌ಎಲ್‌ನಂಥ ಸೂಪರ್ 8 ಕ್ಯಾಮೆರಾ ಎರವಲು ತಂದು ಆ ಒಂದು ದೃಶ್ಯ ತೆಗೆಯಿರಿ. ಬಂಗಾರಪೇಟೆಯ ಪಾನಿಪುರಿಗೂ ಒಂದು ಸೂಚನೆ: ಅಲ್ಲಿನ ಪಾನಿ ಬಣ್ಣವಿಲ್ಲದ ತಿಳಿನೀರು. ಮುಂದಿನಿಂದ ಬೆಳಕು ಬಿದ್ದರೆ ಪೂರಿಯೊಳಗೆ ನೀರಿದೆ ಎಂಬುದೇ ತಿಳಿಯದು. ಹಿಂದಿನಿಂದ ಬಂದರೆ ನೀರಿನ ಅಂಚಿನಲ್ಲಿ ಬೆಳಕು ಬಾಗಿ ಹನಿಹನಿಯೂ ಕಾಣುತ್ತದೆ.

ಮಾತು ಚಿತ್ರೀಕರಿಸುವಾಗ ತುಟಿಗೆ ಮಾತು ಕೂಡಿಸುವ ಆಸೆ ಬಿಡಿ. ಸ್ಪ್ರಿಂಗಿನ ಕ್ಯಾಮೆರಾ ಸದ್ದು ಮಾಡುತ್ತದೆ, ವೇಗವೂ ತುಸು ಜಾರುತ್ತದೆ. ಗಣಿಯಲ್ಲಿ ದುಡಿದ ಹಿರಿಯರ ಮಾತನ್ನು, ಅದು ತಮಿಳಿರಲಿ ತೆಲುಗಿರಲಿ ಕನ್ನಡವಿರಲಿ, ಪ್ರತ್ಯೇಕ ರೆಕಾರ್ಡರಿನಲ್ಲಿ ನಿಧಾನವಾಗಿ ಕೇಳಿಸಿಕೊಳ್ಳಿ. ಚಿತ್ರ ಬೇರೆ ತೆಗೆಯಿರಿ. ಕ್ಯಾಮೆರಾ ಎದುರಿಗಿಲ್ಲದಾಗ ಅವರು ಹೆಚ್ಚು ಹೇಳುತ್ತಾರೆ.

ಅವಧಿ ಮೀರಿದ ಫಿಲ್ಮು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಮತ್ತೆ ಮ್ಯೂಯಾನನ್ನು ನೆನೆಯಿರಿ. ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಹಾದುಹೋಗುತ್ತದೆ. ಫ್ರಿಜ್ಜಿನ ಬಾಗಿಲು ಅದನ್ನು ತಡೆಯದು. ತಂಪು ರಾಸಾಯನಿಕ ಕೆಡುವಿಕೆಯನ್ನು ನಿಧಾನಿಸುತ್ತದೆ, ವಿಕಿರಣ ಮೂಡಿಸುವ ಮಸುಕನ್ನಲ್ಲ. ವೇಗದ ಫಿಲ್ಮಿನ ದಪ್ಪ ಹರಳುಗಳು ಈ ಪೆಟ್ಟಿಗೆ ಬೇಗ ಸಿಗುವುದರಿಂದ ಹಳೆಯ 500ರ ಫಿಲ್ಮು ಹಳೆಯ 50ರದ್ದಕ್ಕಿಂತ ಹೆಚ್ಚು ಕೆಟ್ಟಿರುತ್ತದೆ. ಗಣಿಯ ಆಳಕ್ಕೆ ಒಯ್ದಿಟ್ಟರೆ ಮ್ಯೂಯಾನ್ ಕಾಟ ತಪ್ಪೀತು, ಆದರೆ ಬಂಡೆಯೊಳಗಿನ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂಗಳ ವಿಕಿರಣ ಅಲ್ಲೂ ಬಿಡದು. ಹೊಸ ಫಿಲ್ಮನ್ನೇ ಕೊಳ್ಳಿ. ತೊಳೆಯಲು ಹೊರದೇಶಕ್ಕೆ ಕಳಿಸುವುದಾದರೆ ವಿಮಾನ ನಿಲ್ದಾಣದ ಹೊಸ ಸಿಟಿ ಸ್ಕ್ಯಾನರಿಗೆ ಅದನ್ನು ಒಡ್ಡಬೇಡಿ, ಕೈಯಿಂದ ತಪಾಸಣೆ ಮಾಡುವಂತೆ ಕೇಳಿ. ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯುವವರು ಕೊನೆಯ ನೀರಿಗೆ ಡಿಸ್ಟಿಲ್ಡ್ ವಾಟರ್ ಬಳಸಿ. ಕೋಲಾರ ಜಿಲ್ಲೆಯ ಬೋರ್‌ವೆಲ್‌ನ ಗಡಸು ನೀರು ಒಣಗಿದಾಗ ಫಿಲ್ಮಿನ ಮೇಲೆ ಸುಣ್ಣದ ಚುಕ್ಕೆ ಬಿಡುತ್ತದೆ.

ಕೊನೆಗೊಂದು ವಿನಂತಿ. ಇದು ಕ್ಯಾಮೆರಾ ಕೊಳ್ಳದವರಿಗೂ ಸೇರಿದ್ದು. ರಾಬರ್ಟ್‌ಸನ್‌ಪೇಟೆಯಲ್ಲೋ ಆಂಡರ್ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ, ಅಲ್ಲಿಂದ ಬೇರೆ ಊರಿಗೆ ಹೋಗಿ ನೆಲೆಸಿದವರ ಮನೆಯಲ್ಲೋ, ಅಟ್ಟದ ಮೇಲೆ 8 ಎಂಎಂ, 16 ಎಂಎಂ ರೀಲಿನ ಡಬ್ಬಿ ಇದ್ದರೆ ಅದನ್ನು ಪ್ರೊಜೆಕ್ಟರಿಗೆ ಹಾಕಬೇಡಿ. ಹಳೆಯ ಅಸಿಟೇಟ್ ಕುಗ್ಗಿರುತ್ತದೆ, ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಮುಚ್ಚಳ ತೆಗೆದಾಗ ವಿನಿಗರ್ ವಾಸನೆ ಬಂದರೆ ಅಸಿಟಿಕ್ ಆಮ್ಲ ಹೊರಬರುತ್ತಿದೆ ಎಂದರ್ಥ. ಒಮ್ಮೆ ಶುರುವಾದ ಮೇಲೆ ಅದು ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಪಕ್ಕದ ರೀಲುಗಳಿಗೂ ತಗುಲುತ್ತದೆ. ಅಂಥದ್ದನ್ನು ಬೇರೆ ಇಡಿ, ಒಣ ತಂಪಿನಲ್ಲಿಡಿ, ಆದಷ್ಟು ಬೇಗ ಸ್ಕ್ಯಾನ್ ಮಾಡಿಸಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೋ ಬರೆದು ಸಲಹೆ ಕೇಳಿ. ಡಬ್ಬಿಯ ಮೇಲೆ ಊರು, ಇಸವಿ, ಅದರಲ್ಲಿ ಕಾಣುವವರ ಹೆಸರು ಬರೆದಿಡಿ. ಆ ಮುಖಗಳನ್ನು ಗುರುತಿಸಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಬರೆದಿಡಿ.